ಅಜ್ಜಿಯ ಓಲೆಯ ಕೆಂಪು

ನಮ್ಮ ಅಜ್ಜಿಯ ಏಳು ಕಲ್ಲಿನ ಓಲೆಯನ್ನು ಮನೆಯಲ್ಲಿ ಯಾರೂ ಮಾಣಿಕ್ಯದ ಓಲೆ ಎಂದು ಕರೆದದ್ದಿಲ್ಲ. ಅದು ಕೆಂಪಿನ ಓಲೆ. ಗೌರಿ ಹಬ್ಬದ ಬೆಳಿಗ್ಗೆ ಟ್ರಂಕಿನ ತಳದಿಂದ ಅದನ್ನು ತೆಗೆಸಿ, ಅಂಟುವಾಳದ ನೊರೆಯಲ್ಲಿ ತೊಳೆದು, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ, ‘ಕೆಂಪು ಯಾವುದಾದರೂ ಅಲ್ಲಾಡುತ್ತಾ ನೋಡು’ ಎಂದು ನನ್ನ ಕೈಗೆ ಕೊಡುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ನಾನು ಒಂದೊಂದು ಕಲ್ಲನ್ನೂ ಉಗುರಿನ ತುದಿಯಿಂದ ಮೆಲ್ಲಗೆ ಒತ್ತಿ ನೋಡಿ, ಹದಿನಾಲ್ಕೂ ಗಟ್ಟಿಯಾಗಿವೆ ಎಂದು ಒಪ್ಪಿಸುತ್ತಿದ್ದೆ. ಶಾಲೆಯಲ್ಲಿ ನವರತ್ನಗಳ ಹೆಸರನ್ನು ಬಾಯಿಪಾಠ ಮಾಡಿ ಬಂದ ವರ್ಷ ಮಾತ್ರ ನಾನು ಅಜ್ಜಿಯನ್ನು ತಿದ್ದಿದೆ: ಕೆಂಪು ಎನ್ನುವುದು ಬಣ್ಣದ ಹೆಸರು, ಕಲ್ಲಿನ ಹೆಸರು ಮಾಣಿಕ್ಯ. ಅಜ್ಜಿ ಬೇಸರಿಸಿಕೊಳ್ಳಲಿಲ್ಲ. ‘ಮಾಣಿಕ್ಯ ಇರೋದು ದೇವರ ಕಿರೀಟದಲ್ಲಿ ಮಗು, ನಮ್ಮ ಮನೇಲಿರೋದು ಕೆಂಪು’ ಎಂದರು.

ಆ ಮಾತನ್ನು ನಾನು ಬಹಳ ವರ್ಷ ಒಂದು ಬಡ ಮನೆಯ ವಿನಯವೆಂದೇ ತಿಳಿದಿದ್ದೆ. ಹೆಸರು ಗೊತ್ತಿಲ್ಲದ ವಸ್ತುವನ್ನು ಅದರ ಬಣ್ಣದಿಂದ ಗುರುತಿಸುವುದು ಎಳೆಯ ಮಕ್ಕಳ ರೀತಿ, ಹೀಗಾಗಿ ಕೆಂಪು ಎಂಬುದು ಹೆಸರಲ್ಲ, ಹೆಸರಿಲ್ಲದಾಗ ಬಳಸುವ ಊರುಗೋಲು ಎಂಬುದು ನನ್ನ ಭಾವನೆಯಾಗಿತ್ತು. ಮುಂದೆ ನಿಘಂಟುಗಳನ್ನು ತಿರುವಿ ಹಾಕುವ ಕೆಲಸವೇ ನನ್ನ ಪಾಲಿಗೆ ಬಂದಾಗ ಆ ಭಾವನೆ ಒಂದೊಂದೇ ಎಳೆಯಾಗಿ ಬಿಚ್ಚಿಕೊಂಡಿತು. ಕನ್ನಡ ನಿಘಂಟುಗಳಲ್ಲಿ ಕೆಂಪು ಎಂಬ ಪದದ ಮುಂದೆ ಬಣ್ಣದ ಅರ್ಥದ ಜೊತೆಗೇ ಮಾಣಿಕ್ಯವೆಂಬ ಅರ್ಥವೂ ಕುಳಿತಿದೆ. ಪಕ್ಕದಲ್ಲಿ ಪಚ್ಚೆಯೂ ಹಾಗೆಯೇ ಇದೆ: ಹಸಿರು ಬಣ್ಣಕ್ಕೆ ಇದ್ದ ಮಾತು ಹಸಿರು ರತ್ನಕ್ಕೂ ನಿಂತಿದೆ. ಮರಕತ, ಪದ್ಮರಾಗ ಎಂಬ ಪದಗಳು ಕಾವ್ಯದಲ್ಲಿದ್ದರೂ ಒಡವೆಯ ಮಾತಿಗೆ ಬಂದಾಗ ನಮ್ಮ ಜನ ಕೆಂಪು, ಪಚ್ಚೆ ಎಂದೇ ಹೇಳಿಕೊಂಡು ಬಂದಿದ್ದಾರೆ.

ಕೆಂಪು ಎಂಬ ಪದದ ಬೇರು ‘ಕೆಂ’. ಕೆಂದಾವರೆ, ಕೆಂದುಟಿ, ಕೆಂಗಣ್ಣು, ಕೆಮ್ಮಣ್ಣು, ಕೆಂಜಿರುವೆ ಎನ್ನುವಾಗಲೆಲ್ಲ ನಾವು ಆ ಬೇರನ್ನು ಮುಟ್ಟುತ್ತಿರುತ್ತೇವೆ. ತಮಿಳಿನಲ್ಲಿ ಇದೇ ಬೇರು ‘ಚೆಂ’ ಆಗಿದೆ, ಏಕೆಂದರೆ ಇಕಾರ ಎಕಾರಗಳ ಮುಂದೆ ಬರುವ ಪದಾದಿಯ ಕಕಾರವನ್ನು ತಮಿಳು ಮತ್ತು ತೆಲುಗು ಚಕಾರವಾಗಿ ಮಾಡಿಕೊಂಡವು, ಕನ್ನಡ ಅದನ್ನು ಇದ್ದಂತೆಯೇ ಉಳಿಸಿಕೊಂಡಿತು. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ನಮ್ಮ ಕೆರೆ ಅಲ್ಲಿ ಚೆರುವು. ಈ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡು ತೆಲುಗಿನ ಒಡವೆ ಅಂಗಡಿಗೆ ಹೋದರೆ ಒಂದು ಸಂತೋಷದ ಸಂಗತಿ ಕಾಣುತ್ತದೆ. ತೆಲುಗರ ದಿನಬಳಕೆಯಲ್ಲಿ ಕೆಂಪು ಬಣ್ಣಕ್ಕೆ ಎರುಪು ಎನ್ನುತ್ತಾರೆ, ಆದರೆ ಮಾಣಿಕ್ಯಕ್ಕೆ ‘ಕೆಂಪು’ ಎಂದೇ ಹೇಳುತ್ತಾರೆ. ಕೆಂಪು ನೈದಿಲೆಗೆ ಚೆಂಗಲುವ ಎನ್ನುವ ನುಡಿಯಲ್ಲಿ ಕಲ್ಲಿನ ಹೆಸರೊಂದು ಮಾತ್ರ ಚಕಾರವಾಗದೆ ಕಕಾರದಲ್ಲೇ ನಿಂತಿರುವುದನ್ನು ಕಂಡರೆ, ಆ ಪದ ಕನ್ನಡದ ಬಾಯಿಂದ, ಕಲ್ಲಿನ ವ್ಯಾಪಾರದ ಜೊತೆಗೇ ಅತ್ತ ಹೋಗಿರಬೇಕೆಂದು ನನಗೆ ತೋರುತ್ತದೆ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್, ಅಲ್ಲಿನ ಬೀದಿಯಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತು ಎಲ್ಲವೂ ಮಾರಾಟಕ್ಕಿದ್ದವೆಂದು ಬರೆದಿದ್ದಾನೆ. ಕನ್ನಡಿಗರೂ ತೆಲುಗರೂ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿರುತ್ತಿದ್ದ ಆ ಬೀದಿಯಲ್ಲಿ ಕಲ್ಲಿಗೆ ಇಬ್ಬರಿಗೂ ಒಪ್ಪುವ ಒಂದು ಹೆಸರು ಬೇಕೇ ಬೇಕಾಗಿತ್ತು.

ಹಾಗಾದರೆ ಇಂಗ್ಲಿಷಿನ ರೂಬಿ ಏನು ಹೇಳುತ್ತದೆ? ಲ್ಯಾಟಿನ್ನಿನಲ್ಲಿ ‘ರೂಬರ್’ ಎಂದರೆ ಕೆಂಪು. ಮಧ್ಯಯುಗದ ಲ್ಯಾಟಿನ್ನಿನಲ್ಲಿ ಕೆಂಪಾದ ಕಲ್ಲು ಎಂಬರ್ಥದಲ್ಲಿ ‘ರುಬಿನಸ್’ ಎಂಬ ಮಾತು ಬಂದು, ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಇಳಿಯಿತು. ಅಂದರೆ ಲಂಡನ್ನಿನ ರತ್ನಪಡಿ ವ್ಯಾಪಾರಿ ರೂಬಿ ಎನ್ನುವುದೂ ನಮ್ಮ ಅಜ್ಜಿ ಕೆಂಪು ಎನ್ನುವುದೂ ಒಂದೇ ಮಾತು, ಒಂದೇ ರೀತಿಯಲ್ಲಿ ಹುಟ್ಟಿದ ಹೆಸರು. ವ್ಯತ್ಯಾಸವಿಷ್ಟೇ: ಅವರ ಹೆಸರಿನಲ್ಲಿ ಬಣ್ಣ ಮರೆತುಹೋಗಿದೆ, ನಮ್ಮದರಲ್ಲಿ ಇನ್ನೂ ಎಚ್ಚರವಾಗಿದೆ. ಅಮರಸಿಂಹನ ಸಂಸ್ಕೃತ ನಿಘಂಟಾದ ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ‘ಶೋಣರತ್ನಂ ಲೋಹಿತಕಃ ಪದ್ಮರಾಗಃ’ ಎಂಬ ಸಾಲು ನೆನಪಿರುತ್ತದೆ. ಶೋಣವೆಂದರೂ ಕೆಂಪೇ, ಲೋಹಿತವೆಂದರೂ ಕೆಂಪೇ. ಭಾಷಾವಿಜ್ಞಾನಿಗಳು ತೋರಿಸಿಕೊಟ್ಟಿರುವಂತೆ ಸಂಸ್ಕೃತದ ಲೋಹಿತ, ರೋಹಿತ, ರುಧಿರ ಇವೆಲ್ಲ ಲ್ಯಾಟಿನ್ನಿನ ರೂಬರ್ ಹುಟ್ಟಿದ ಬೇರಿನಿಂದಲೇ ಹುಟ್ಟಿದವು. ಅಮರಸಿಂಹನ ಲೋಹಿತಕವೂ ಯುರೋಪಿನ ರೂಬಿಯೂ ಹೀಗೆ ದಾಯಾದಿಗಳು. ಆ ಸಂತತಿಗೆ ಸೇರದ ನುಡಿಯೊಂದು, ತನ್ನದೇ ಬೇರಿನಿಂದ, ತನ್ನಷ್ಟಕ್ಕೆ ತಾನು ಅದೇ ತೀರ್ಮಾನಕ್ಕೆ ಬಂದಿರುವುದೇ ನನಗೆ ಹೆಚ್ಚು ಸೊಗಸಾಗಿ ಕಾಣುವ ವಿಷಯ.

ಇದಕ್ಕೆ ತಿರುಗುಮುರುಗಾದ ಒಂದು ಕಥೆ ಬೆಂಗಳೂರಿನ ನಡುವೆಯೇ ಇದೆ. ಪಾರಸಿಯಲ್ಲಿ ‘ಲಾಲ್’ ಎಂಬುದು ಮೊದಲು ಒಂದು ಕಲ್ಲಿನ ಹೆಸರು, ಮಧ್ಯ ಏಷ್ಯಾದ ಬದಖ್‌ಶಾನದ ಬೆಟ್ಟಗಳಲ್ಲಿ ಸಿಗುತ್ತಿದ್ದ ಕೆಂಪು ರತ್ನದ ಹೆಸರು. ಅದು ಹಿಂದಿ ಉರ್ದುಗಳಿಗೆ ಬಂದು, ಕಲ್ಲನ್ನು ಹಿಂದಕ್ಕೆ ಬಿಟ್ಟು, ಕೇವಲ ಬಣ್ಣವಾಯಿತು. 1760ರಲ್ಲಿ ಹೈದರಾಲಿ ತೋಟ ಹಾಕಿಸಲು ಆರಂಭಿಸಿದ ಲಾಲ್‌ಬಾಗಿನ ಹೆಸರಿನ ಮೊದಲ ತುಂಡು ಅದೇ. ನಾವು ಬಣ್ಣವನ್ನು ತೆಗೆದು ಕಲ್ಲಿಗೆ ಇಟ್ಟೆವು, ಅವರು ಕಲ್ಲನ್ನು ತೆಗೆದು ಬಣ್ಣಕ್ಕೆ ಇಟ್ಟರು. ಲಾಲ್‌ಬಾಗಿನ ಬಂಡೆಯ ಮೇಲೆ ಸಂಜೆ ಕುಳಿತಿರುವಾಗ ಈ ಎರಡು ದಾರಿಗಳ ನೆನಪು ನನಗೆ ಬರುತ್ತಿರುತ್ತದೆ.

ಪದ್ಮರಾಗವೆಂಬ ಹೆಸರಿನ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಏಕೆಂದರೆ ಇಷ್ಟು ದೂರ ನಡೆದ ರತ್ನನಾಮ ಇನ್ನೊಂದು ನನಗೆ ಗೊತ್ತಿಲ್ಲ. ರಾಗ ಎಂದರೆ ಇಂದು ನಮಗೆ ಕಲ್ಯಾಣಿ, ತೋಡಿ. ಆದರೆ ಅದರ ಮೂಲದಲ್ಲಿರುವುದು ರಂಜಿಸು, ಬಣ್ಣವೇರು, ಕೆಂಪಾಗು ಎಂಬ ಅರ್ಥದ ಧಾತು, ಅನುರಾಗದಲ್ಲಿರುವುದೂ ಅದೇ. ತಾವರೆಯ ಬಣ್ಣವುಳ್ಳದ್ದು ಪದ್ಮರಾಗ. ಅರ್ಥಶಾಸ್ತ್ರದಲ್ಲಿ ಕೌಟಿಲ್ಯ ಕೋಶಕ್ಕೆ ಬರುವ ಮಣಿಗಳನ್ನು ಎಣಿಸುವಾಗ ಸೌಗಂಧಿಕ, ಪದ್ಮರಾಗ, ಅನವದ್ಯರಾಗ, ಪಾರಿಜಾತಪುಷ್ಪಕ, ಬಾಲಸೂರ್ಯಕ ಎಂಬ ಐದು ಕೆಂಪುಗಳನ್ನು ಹೆಸರಿಸುತ್ತಾನೆ. ಒಂದು ನೀರಹೂವು, ಒಂದು ತಾವರೆ, ಒಂದು ಪಾರಿಜಾತ, ಒಂದು ಆಗತಾನೆ ಮೂಡಿದ ಸೂರ್ಯ. ಬೊಕ್ಕಸದ ಅಧಿಕಾರಿಗಾಗಿ ಬರೆದ ಪಟ್ಟಿಯಲ್ಲಿ ಇಂಥ ಹೆಸರುಗಳಿರುವುದನ್ನು ಮೊದಲ ಬಾರಿ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಲೆಕ್ಕ ಬರೆಯುವವನೂ ಬೆಳಗಿನ ಸೂರ್ಯನನ್ನು ನೋಡಿದ್ದರೆ ಮಾತ್ರ ಆ ಕಲ್ಲನ್ನು ಸರಿಯಾದ ಸಾಲಿನಲ್ಲಿ ಬರೆಯಬಲ್ಲ.

ಈ ಪದ್ಮರಾಗವೇ ಬರ್ಮೀ ನುಡಿಯಲ್ಲಿ ಸವೆದು ‘ಪತ್ತಮ್ಯಾ’ ಆಯಿತು. ಜಗತ್ತಿನ ಅತಿ ಶ್ರೇಷ್ಠ ಮಾಣಿಕ್ಯಗಳನ್ನು ಕೊಟ್ಟ ಮೊಗೋಕ್ ಕಣಿವೆ ಇರುವುದು ಆ ನಾಡಿನಲ್ಲಿ; ಅಲ್ಲಿ ಕಲ್ಲು ಅಗೆಯುವವರು ಮಾಣಿಕ್ಯವನ್ನು ಕರೆಯುವುದು ತಾವರೆಯ ಹೆಸರಿನಿಂದ. ಸಿಂಹಳದಲ್ಲಿ ಅದೇ ಪದ ಇನ್ನೊಂದು ರೂಪ ತಾಳಿ, ಯುರೋಪಿಗೆ ಹೋಗಿ, ಜರ್ಮನ್ ಕಾಗುಣಿತದಲ್ಲಿ ಸಿಕ್ಕಿಕೊಂಡು, ಇಂದು ‘ಪದ್‌ಪರಾದ್‌ಶಾ’ ಎಂಬ ಹೆಸರಿನಲ್ಲಿ ತಿರುಗುತ್ತಿದೆ. ಆದರೆ ಆ ಹೆಸರಿನಲ್ಲಿ ಮಾರಾಟವಾಗುವುದು ಮಾಣಿಕ್ಯವಲ್ಲ, ಗುಲಾಬಿಯೂ ಕಿತ್ತಳೆಯೂ ಬೆರೆತ ಬಣ್ಣದ ನೀಲಮಣಿಯ ಬಗೆ. ತಾವರೆಯ ಎಸಳನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಆ ಗುಲಾಬಿಯೂ ಅಪರಿಚಿತವಲ್ಲ. ಥಾಯ್ ಜನರು ಬೇರೆ ದಾರಿ ಹಿಡಿದರು: ಅವರ ‘ತಪ್‌ತಿಮ್’ ಎಂದರೆ ಮಾಣಿಕ್ಯವೂ ಹೌದು, ದಾಳಿಂಬೆಯೂ ಹೌದು. ಯುರೋಪಿನವರು ಗಾರ್ನೆಟ್ ಎಂದು ಇನ್ನೊಂದು ಕೆಂಪು ಕಲ್ಲಿಗೆ ಹೆಸರಿಟ್ಟದ್ದೂ ಕಾಳುಗಳಿಂದ ತುಂಬಿದ ಹಣ್ಣು ಎಂದು ಲ್ಯಾಟಿನ್ನಿನಲ್ಲಿ ದಾಳಿಂಬೆಗಿದ್ದ ಹೆಸರಿನಿಂದ. ದಾಳಿಂಬೆಯನ್ನು ಬಿಡಿಸಿ ಒಂದು ಕಾಳನ್ನು ಬಿಸಿಲಿಗೆ ಹಿಡಿದ ಯಾರಿಗೂ ಈ ಎರಡು ನಾಡುಗಳು ಪರಸ್ಪರ ಕೇಳದೆ ಒಂದೇ ಹೋಲಿಕೆ ಮಾಡಿದ್ದು ಆಶ್ಚರ್ಯವೆನಿಸದು.

ಮಾಣಿಕ್ಯ ಎಂಬ ಹೆಸರಿನಲ್ಲಿ ಬಣ್ಣವಿಲ್ಲ. ಅದು ಮಣಿ ಎಂಬ ಪದದಿಂದ ಬಂದದ್ದು, ಮಣಿ ಎಂದರೆ ಋಗ್ವೇದದ ಕಾಲದಿಂದಲೂ ಮೈಮೇಲೆ ಧರಿಸುವ ಬೆಲೆಯುಳ್ಳ ಗುಂಡು. ಎಲ್ಲ ಮಣಿಗಳಿಗೂ ಸಲ್ಲಬಹುದಾಗಿದ್ದ ಹೆಸರನ್ನು ಒಂದೇ ಮಣಿಗೆ ಮೀಸಲಿಟ್ಟದ್ದು ಗೌರವದಿಂದ. ನವಗ್ರಹಗಳಿಗೆ ನವರತ್ನ ಹಂಚುವಾಗಲೂ ಸೂರ್ಯನ ಪಾಲಿಗೆ ಬಂದದ್ದು ಅದೇ. ನಮ್ಮ ಬಾಯಲ್ಲಿ ಅದು ಮಾಣಿಕವಾಗಿ, ಮಾಣಿಕಮ್ಮನಾಗಿ, ಮಂಗನ ಕೈಯ ಮಾಣಿಕ್ಯವೆಂಬ ಗಾದೆಯಾಗಿ ಬೆಳೆಯಿತು. ಬಸವಣ್ಣನವರು ನುಡಿದರೆ ಮಾಣಿಕ್ಯದ ದೀಪ್ತಿಯಂತಿರಬೇಕೆಂದರು. ಅಲ್ಲಿ ಕೆಂಪಿನ ದೀಪ್ತಿ ಎಂದಿದ್ದರೆ ಹೊಂದುತ್ತಿರಲಿಲ್ಲ, ಏಕೆಂದರೆ ಅವರಿಗೆ ಬೇಕಿದ್ದುದು ಬಣ್ಣವಲ್ಲ, ಬೆಳಕು. ಅಜ್ಜಿ ಮಾಣಿಕ್ಯವನ್ನು ದೇವರ ಕಿರೀಟಕ್ಕೆ ಬಿಟ್ಟುಕೊಟ್ಟದ್ದರಲ್ಲಿ ಈ ಭೇದದ ಅರಿವು ಇತ್ತೆಂದು ಈಗ ನನಗೆ ಅನ್ನಿಸುತ್ತದೆ.

ಕಳೆದ ವರ್ಷ ದೊಡ್ಡಮ್ಮ ಅಜ್ಜಿಯ ಓಲೆಯನ್ನು ಮೊಮ್ಮಗಳ ಮದುವೆಗೆಂದು ಮತ್ತೆ ಕಟ್ಟಿಸಲು ನಿಶ್ಚಯಿಸಿದರು. ನಾನೂ ಜೊತೆಗೆ ಹೋದೆ. ಆಚಾರ್ರು ಓಲೆಯನ್ನು ಇಕ್ಕಳದಲ್ಲಿ ಹಿಡಿದು ದೀಪದ ಉರಿಗೆ ಒಡ್ಡಿದರು. ಒಳಗಿನ ಹಳೆಯ ಅರಗು ಮೆತ್ತಗಾಗಿ, ಮಣ್ಣಿನ ಮೇಲೆ ಮೊದಲ ಮಳೆ ಬಿದ್ದಂಥದ್ದಲ್ಲ, ಹಳೆಯ ಅಂಚೆ ಮುದ್ರೆಯ ಲಕೋಟೆ ಸುಟ್ಟಂಥ ವಾಸನೆ ಬಂತು. ಸೂಜಿಯಂಥ ಮೊನೆಯಿಂದ ಒಂದೊಂದೇ ಕಲ್ಲನ್ನು ಎಬ್ಬಿಸಿ ಬಿಳಿಯ ಕಾಗದದ ಮೇಲೆ ಇಟ್ಟರು. ಪ್ರತಿ ಕಲ್ಲಿನ ಕೆಳಗೂ ಎಳ್ಳುಸಿಪ್ಪೆಗಿಂತ ತೆಳುವಾದ ಒಂದು ಬಣ್ಣದ ತಗಡು ಇತ್ತು. ತಗಡಿನಿಂದ ಬೇರೆಯಾದ ಕೂಡಲೇ ಕೆಲವು ಕಲ್ಲುಗಳು ಕಳೆಗುಂದಿ ಗುಲಾಬಿಗೆ ಇಳಿದವು, ಕೆಲವು ಹಾಗೆಯೇ ಉರಿಯುತ್ತಿದ್ದವು. ಆಚಾರ್ರು ಭೂತಗನ್ನಡಿ ಹಿಡಿದು, ಮೂರು ಕಲ್ಲುಗಳನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ‘ಇವು ಮೂರು ಗಾಜು ಅಮ್ಮ, ಒಳಗೆ ಗಾಳಿಗುಳ್ಳೆ ಇದೆ, ನೀವೇ ನೋಡಿ’ ಎಂದರು. ನಾನು ನೋಡಿದೆ. ಸಾಸಿವೆಗಿಂತ ಬಹಳ ಸಣ್ಣ, ಬಹಳ ದುಂಡಾದ ಗುಳ್ಳೆಗಳು. ಉಳಿದವುಗಳಲ್ಲಿ ಎರಡರ ಬಗ್ಗೆ ಅವರಿಗೆ ಅನುಮಾನವಿತ್ತು. ರತ್ನಪರೀಕ್ಷೆಯ ಪ್ರಯೋಗಾಲಯಕ್ಕೆ ಕಳಿಸಿದಾಗ ಅವು ಸ್ಪಿನೆಲ್, ಅಂದರೆ ಮಾಣಿಕ್ಯದಂತೆಯೇ ಕಾಣುವ ಬೇರೊಂದು ಖನಿಜ, ಎಂದು ತಿಳಿಯಿತು. ಹದಿನಾಲ್ಕರಲ್ಲಿ ಒಂಬತ್ತು ಮಾಣಿಕ್ಯ, ಎರಡು ಸ್ಪಿನೆಲ್, ಮೂರು ಗಾಜು.

ದೊಡ್ಡಮ್ಮನ ಮುಖ ಬಾಡಿತು. ನಾನು ಅವರಿಗೆ ಇಂಗ್ಲೆಂಡಿನ ಕಿರೀಟದ ಕಥೆ ಹೇಳಿದೆ. ಅಲ್ಲಿನ ರಾಜಕಿರೀಟದ ಮುಂಭಾಗದಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡದಾದ ಕೆಂಪು ಕಲ್ಲೊಂದಿದೆ, ಶತಮಾನಗಳಿಂದ ಅದಕ್ಕೆ ಬ್ಲ್ಯಾಕ್ ಪ್ರಿನ್ಸನ ರೂಬಿ ಎಂದೇ ಹೆಸರು. ಅದು ರೂಬಿಯಲ್ಲ, ಸ್ಪಿನೆಲ್. ಮೊಗಲ್ ದೊರೆಗಳ ಹೆಸರು ಕೆತ್ತಿರುವ, ತೈಮೂರನ ರೂಬಿ ಎಂದು ಪ್ರಸಿದ್ಧವಾದ ಇನ್ನೊಂದು ದೊಡ್ಡ ಕಲ್ಲೂ ಸ್ಪಿನೆಲ್ಲೇ. ಫ್ರಾನ್ಸಿನ ಖನಿಜಶಾಸ್ತ್ರಜ್ಞ ರೋಮೆ ದ ಲಿಲ್ 1783ರಲ್ಲಿ ರೂಬಿ, ಸ್ಪಿನೆಲ್ ಎರಡೂ ಬೇರೆ ಬೇರೆ ಖನಿಜಗಳೆಂದು ಸ್ಪಷ್ಟಪಡಿಸುವವರೆಗೆ ಯುರೋಪು ಇವುಗಳನ್ನು ಒಂದೇ ಹೆಸರಿನಲ್ಲಿ ಕಲಸಿಕೊಂಡಿತ್ತು. ಪಾರಸಿಯವರು ಅಷ್ಟು ಕಲಸಿರಲಿಲ್ಲ: ಅವರಿಗೆ ಮಾಣಿಕ್ಯ ಯಾಕೂತ್, ಬದಖ್‌ಶಾನದ ಸ್ಪಿನೆಲ್ ಲಾಲ್. ರೂಬಿ ಎಂಬ ಹೆಸರು ಈಗ ಒಂದು ನಿರ್ದಿಷ್ಟ ಖನಿಜದ ಹೆಸರು, ಆದ್ದರಿಂದ ಅದು ತಪ್ಪಾಗಬಹುದು, ಸುಳ್ಳಾಗಬಹುದು, ಕಿರೀಟದಲ್ಲಿ ಕುಳಿತೂ ಸುಳ್ಳಾಗಿಯೇ ಇರಬಹುದು. ಅಜ್ಜಿಯ ಕೆಂಪು ಎಂಬ ಹೆಸರು ಕಣ್ಣಿಗೆ ಕಂಡಷ್ಟನ್ನೇ ಹೇಳಿತ್ತು. ಅದು ಹದಿನಾಲ್ಕು ಕಲ್ಲುಗಳ ವಿಷಯದಲ್ಲೂ ನಿಜವಾಗಿತ್ತು. ಭರತನಾಟ್ಯದ ಹುಡುಗಿಯರು ತೊಡುವ, ಬಹುಪಾಲು ಗಾಜಿನ ಅಥವಾ ಕೃತಕ ಕಲ್ಲಿನ ಆಭರಣಗಳನ್ನು ಇಂದಿಗೂ ಕೆಂಪಿನ ಒಡವೆ ಎನ್ನುವುದರಲ್ಲಿ ಯಾರಿಗೂ ಮೋಸವಾಗುವುದಿಲ್ಲ.

ಆಚಾರ್ರ ಅಂಗಡಿಯಲ್ಲಿ ಇನ್ನೊಂದು ಹೆಸರಿನ ನಿಧಿ ನೆಲದ ಮೇಲೆ ಬಿದ್ದಿತ್ತು. ಅವರ ತಂದೆಯ ಕಾಲದ ಸಾಣೆಚಕ್ರ. ಕುರುವಿಂದವೆಂಬ ಗಡಸು ಕಲ್ಲಿನ ಪುಡಿಯನ್ನು ಅರಗಿನಲ್ಲಿ ಕಲಸಿ ಬಿಲ್ಲೆಯಾಗಿ ಎರಕ ಹೊಯ್ದು ಮಾಡುವ ಈ ಚಕ್ರದ ಮೇಲೆ ಕಲ್ಲುಗಳನ್ನು ಉಜ್ಜುತ್ತಿದ್ದರು. ಸಂಸ್ಕೃತದ ಕುರುವಿಂದ ಎಂಬುದಕ್ಕೆ ಮಾಣಿಕ್ಯದ ಒಂದು ಬಗೆ ಎಂಬ ಅರ್ಥವೂ ಇದೆ, ಭದ್ರಮುಷ್ಟಿ ಎಂಬ ಗಡ್ಡೆಹುಲ್ಲಿನ ಅರ್ಥವೂ ಇದೆ. ವರಾಹಮಿಹಿರ ಪದ್ಮರಾಗ ಹುಟ್ಟುವ ಮೂಲಗಳಲ್ಲಿ ಕುರುವಿಂದವನ್ನೂ ಎಣಿಸುತ್ತಾನೆ. ಇದೇ ಪದ ತಮಿಳಿನಲ್ಲಿ ಕುರುಂದಮ್ ಆಗಿ, ದಕ್ಷಿಣ ಭಾರತದಿಂದ ಹಡಗು ಹತ್ತಿ, ಯುರೋಪಿನ ಖನಿಜಶಾಸ್ತ್ರಕ್ಕೆ ಕೊರಂಡಮ್ ಎಂಬ ಹೆಸರನ್ನು ಕೊಟ್ಟಿತು. 1798ರಲ್ಲಿ ಚಾರ್ಲ್ಸ್ ಗ್ರೆವಿಲ್ ಏಷ್ಯಾದ ಕೊರಂಡಮ್ ಕಲ್ಲಿನ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ದೀರ್ಘ ಪ್ರಬಂಧ ಬರೆದ. ಆಮೇಲೆ ತಿಳಿದದ್ದೇನೆಂದರೆ ಮಾಣಿಕ್ಯ, ಇಂದ್ರನೀಲ, ಸಾಣೆಯ ಒರಟು ಕಲ್ಲು ಮೂರೂ ಒಂದೇ ಖನಿಜ, ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿದ ಹರಳು, ವಜ್ರದ ನಂತರದ ಗಡಸುತನ. ಬೀದಿಯಲ್ಲಿ ಸೈಕಲ್ಲಿನ ಚಕ್ರ ತಿರುಗಿಸಿ ಚಾಕುವಿಗೆ ಸಾಣೆ ಹಿಡಿಯುವವನ ಕಲ್ಲಿಗೂ ಅಜ್ಜಿಯ ಕಿವಿಯ ಕೆಂಪಿಗೂ ಇರುವ ವ್ಯತ್ಯಾಸ ಅತ್ಯಲ್ಪವಾದ ಕ್ರೋಮಿಯಂ ಮತ್ತು ಹರಳಿನ ನೈರ್ಮಲ್ಯ.

ಆ ಕ್ರೋಮಿಯಂ ಎಂಬ ಹೆಸರಿನ ಅರ್ಥವೂ ಬಣ್ಣ ಎಂದೇ, ಗ್ರೀಕಿನಲ್ಲಿ. ಪದ್ಮರಾಗದ ರಾಗ ಏನೆಂದು ರಸಾಯನಶಾಸ್ತ್ರಜ್ಞರನ್ನು ಕೇಳಿದರೆ ಅವರೂ ರಾಗ ಎಂಬರ್ಥದ ಪದವನ್ನೇ ಉತ್ತರವಾಗಿ ಕೊಡುತ್ತಾರೆ. ಇನ್ನೂ ಸೊಗಸೆಂದರೆ, ಪಚ್ಚೆಯ ಹಸಿರಿಗೂ ಇದೇ ಕ್ರೋಮಿಯಂ ಕಾರಣ. ನಮ್ಮವರು ಬಣ್ಣದಿಂದಲೇ ಕರೆದ ಎರಡು ರತ್ನಗಳಿಗೂ ಬಣ್ಣ ತುಂಬಿದ ಕೈ ಒಂದೇ. ಹರಳಿನ ಒಳಗಿನ ಅಣುಗಳ ನೆರೆಹೊರೆ ಬೇರೆಯಾದ್ದರಿಂದ ಒಂದು ಕಡೆ ಅದು ಕೆಂಪಾಗಿ, ಇನ್ನೊಂದು ಕಡೆ ಹಸಿರಾಗಿ ತೋರುತ್ತದೆ.

ಕ್ರೋಮಿಯಂ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ತನ್ನ ಮೇಲೆ ಬಿದ್ದ ಹಸಿರು, ನೀಲಿ, ಅತಿನೇರಳೆ ಬೆಳಕನ್ನು ಹೀರಿಕೊಂಡು ಅದನ್ನು ಕೆಂಪು ಬೆಳಕಾಗಿ ಹೊರಕ್ಕೆ ಬಿಡುತ್ತದೆ. ಕಬ್ಬಿಣದ ಅಂಶ ಕಡಿಮೆಯಿರುವ, ಅಮೃತಶಿಲೆಯಲ್ಲಿ ಹುಟ್ಟಿದ ಮೊಗೋಕ್‌ನ ಕಲ್ಲುಗಳು ಬಿಸಿಲಿನಲ್ಲಿ ಒಳಗಿನಿಂದಲೇ ಉರಿಯುವಂತೆ ಕಾಣುವುದು ಇದರಿಂದ. ಲ್ಯಾಟಿನ್ನಿನ ಹಳಬರು ಕೆಂಪು ರತ್ನಗಳಿಗೆ ‘ಕಾರ್ಬಂಕ್ಯುಲಸ್’, ಅಂದರೆ ಪುಟ್ಟ ಕೆಂಡ, ಎಂದು ಹೆಸರಿಟ್ಟಿದ್ದರು. ಕತ್ತಲಲ್ಲಿ ದೀಪವಿಲ್ಲದೆ ಬೆಳಗುತ್ತದೆಂಬ ಕಥೆಗಳು ಅತಿಶಯವೇ ಸರಿ, ಆದರೆ ಕೆಂಡವೆಂಬ ಹೋಲಿಕೆ ಅತಿಶಯವಲ್ಲ, ಕಲ್ಲು ತನ್ನ ಬೆಳಕನ್ನು ನಿಜವಾಗಿಯೂ ಕೂಡಿಸುತ್ತದೆ. 1960ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಥಿಯೋಡರ್ ಮೈಮನ್ ಜಗತ್ತಿನ ಮೊದಲ ಲೇಸರನ್ನು ಬೆಳಗಿಸಿದ್ದು ಒಂದು ಕೃತಕ ಮಾಣಿಕ್ಯದ ಕಡ್ಡಿಯಿಂದ, ಇದೇ ಗುಣವನ್ನು ನೆಚ್ಚಿಕೊಂಡು.

ಕೃತಕ ಮಾಣಿಕ್ಯವೆಂದರೆ ತಾತ್ಸಾರ ಮಾಡಬೇಕಿಲ್ಲ. 1902ರಲ್ಲಿ ಫ್ರಾನ್ಸಿನ ಒಗಸ್ಟ್ ವರ್ನೂಯಿ, ಅಲ್ಯೂಮಿನಾ ಪುಡಿಯನ್ನು ಉರಿಯ ಮೂಲಕ ಉದುರಿಸಿ ಹನಿಹನಿಯಾಗಿ ಬೆಳೆಸುವ ವಿಧಾನವನ್ನು ಪ್ರಕಟಿಸಿದ ಮೇಲೆ, ಅದು ಸೇರಿಕೊಂಡದ್ದು ಸಾಮಾನ್ಯರ ಮಣಿಕಟ್ಟಿಗೆ. ನನ್ನ ತಂದೆಯವರ ಎಚ್‌ಎಂಟಿ ಜನತಾ ಗಡಿಯಾರದ ಮುಖದ ಮೇಲೆ 17 ಜ್ಯುವೆಲ್ಸ್ ಎಂದು ಬರೆದಿದೆ. ಬೆಂಗಳೂರಿನಲ್ಲಿ ತಯಾರಾದ ಆ ಗಡಿಯಾರವನ್ನು ರಿಪೇರಿಯವರು ಬೆನ್ನು ಬಿಚ್ಚಿ ತೋರಿಸಿದಾಗ, ಹಿತ್ತಾಳೆಯ ಹಲ್ಲುಚಕ್ರಗಳ ನಡುವೆ ರಾಗಿಕಾಳಿನಷ್ಟು ಗಾತ್ರದ ಕೆಂಪು ಚುಕ್ಕೆಗಳು ಕಂಡವು. ಅಚ್ಚಿನ ಮೊನೆ ಸವೆಯದೆ ತಿರುಗಲೆಂದು ಕೂರಿಸಿದ ಕಲ್ಲುಗಳು ಅವು. ‘ಏನಿದು’ ಎಂದು ಕೇಳಿದೆ. ‘ಕೆಂಪು ಸರ್’ ಎಂದರು ಅವರು, ಚಿಮಟದ ತುದಿಯಿಂದ ತೋರಿಸುತ್ತಾ.

ಓಲೆ ಹದಿನೈದು ದಿನಕ್ಕೆ ಸಿದ್ಧವಾಯಿತು. ಗಾಜಿನ ಮೂರನ್ನು ಬದಲಾಯಿಸುವುದೇ ಬೇಡವೇ ಎಂದು ಆಚಾರ್ರು ಕೇಳಿದ್ದರು. ದೊಡ್ಡಮ್ಮ ಒಂದು ರಾತ್ರಿ ಯೋಚಿಸಿ, ಅಮ್ಮ ಹಾಕಿಕೊಂಡಿದ್ದೇ ಇರಲಿ ಎಂದು ಹೇಳಿ ಕಳಿಸಿದ್ದರು. ಹೊಸ ಅರಗು, ಹೊಸ ತಗಡು, ಹಳೆಯ ಹದಿನಾಲ್ಕು ಕಲ್ಲು. ಅಂಗಡಿಯ ಬಲ್ಬಿನ ಕೆಳಗೆ ಯಾವುದು ಗಾಜು, ಯಾವುದು ಸ್ಪಿನೆಲ್ ಎಂದು ನಾನು ಹುಡುಕಿದೆ, ಗುರುತು ಸಿಗಲಿಲ್ಲ. ಆಚಾರ್ರು ರಸೀದಿ ಪುಸ್ತಕ ತೆರೆದು, ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ದುಂಡಾದ ಅಕ್ಷರಗಳಲ್ಲಿ ಬರೆದರು: ಓಲೆ, ಜೊತೆ 1, ಕೆಂಪು 14.